ನಮ್ಮ ಮನೆಯ ಹೆಣ್ಣುಮರಿ ಎಲ್ಲಿ ಹೋಯಿತು?



ಕಳೆದ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಆರಾಧನೆಗೆಂದು ಬಂದವರು ನಮ್ಮ ದೇವಾಲಯದ ಗೇಟಿನ ಪಕ್ಕದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇರುವುದನ್ನು ಕಂಡರು. ಧಾರವಾಡದ ಜಿಟಿಜಿಟಿ ಮಳೆ ಹಿಂದಿನ ರಾತ್ರಿಯೆಲ್ಲ ಬಿಡದೆ ಸುರಿದಿತ್ತು. ಪೆಟ್ಟಿಗೆಯ ತಳ ನೆನೆದು ಮೆತ್ತಗಾಗಿತ್ತು. ಒಳಗೆ ಮಡಚಿ ಹಾಸಿದ ಒಂದು ಟವೆಲ್ಲು, ಅದರ ಮೇಲೆ ಐದು ನಾಯಿಮರಿಗಳು. ಅವು ಕಣ್ಣು ತೆರೆದು ನಾಲ್ಕಾರು ದಿನಗಳಾಗಿದ್ದಿರಬಹುದು. ಎರಡು ಮರಿಗಳು ಆಗಲೇ ತಣ್ಣಗಾಗಿದ್ದವು. ಉಳಿದ ಮೂರು ಒಂದರ ಮೇಲೊಂದು ಬಿದ್ದು ಮುಲುಗುತ್ತಿದ್ದವು. ಐದೂ ಹೆಣ್ಣುಮರಿಗಳು.

ಆ ಟವೆಲ್ಲಿನ ಬಗ್ಗೆ ನಾನು ಇಂದಿಗೂ ಯೋಚಿಸುತ್ತೇನೆ. ಅದು ಒಗೆದ ಟವೆಲ್ಲು. ಬೀದಿಯಲ್ಲಿ ಈದ ನಾಯಿಯ ಮರಿಗಳಿಗೆ ಯಾರೂ ಒಗೆದ ಟವೆಲ್ಲನ್ನು ಹಾಸುವುದಿಲ್ಲ. ಆ ಮರಿಗಳು ಒಂದು ಮನೆಯಲ್ಲಿ ಹುಟ್ಟಿದ್ದವು. ಆ ಮನೆಯ ತಾಯಿನಾಯಿಗೆ ಒಂದು ಹೆಸರಿತ್ತು, ಊಟದ ತಟ್ಟೆಯಿತ್ತು, ಬಹುಶಃ ಕೊರಳಿಗೊಂದು ಪಟ್ಟಿಯೂ ಇತ್ತು. ತಂದಿಟ್ಟವರು ಕಟುಕರಲ್ಲ. ಚರ್ಚಿನವರು ದಯಾಳುಗಳು, ಏನಾದರೊಂದು ವ್ಯವಸ್ಥೆ ಮಾಡಿಯಾರು ಎಂದು ನಂಬಿ, ಕತ್ತಲಲ್ಲಿ ಬಂದು, ಇಟ್ಟು, ತಿರುಗಿ ನೋಡದೆ ಹೋದವರು. ಅವರು ನಮ್ಮ ಸಭೆಯವರೇ ಆಗಿದ್ದರೂ ಆಗಿರಬಹುದು. ಟವೆಲ್ಲನ್ನು ಯಾರಾದರೂ ಗುರುತು ಹಿಡಿದಾರೋ ಎಂಬ ಅಳುಕಿನಿಂದ ನಾನು ಸುತ್ತ ನಿಂತವರ ಮುಖ ನೋಡಲಿಲ್ಲ.

"ಅಯ್ಯೋ ಪಾಪ" ಎಂದು ಹೇಳದವರು ಅಲ್ಲಿ ಒಬ್ಬರೂ ಇರಲಿಲ್ಲ. ಹೇಳಿದವರೆಲ್ಲರೂ ಛತ್ರಿ ಮಡಚಿಕೊಂಡು ಒಳಗೆ ಹೋದರು. ನಾನೂ ಹೋದೆ. ಹೊರಗೆ ಉಳಿದವರು ಭಾನುವಾರ ಶಾಲೆಯ ನಾಲ್ಕು ಮಕ್ಕಳು ಮತ್ತು ದೇವಾಲಯದ ಕಾವಲುಗಾರ ಮಾತ್ರ.

ಓದುಗರೇ, ನಾನು ಇಲ್ಲಿ ಜಗಳಕ್ಕೆ ನಿಂತಿರುವುದು ಆ "ಅಯ್ಯೋ ಪಾಪ"ದೊಂದಿಗೆ. ನಾಯಿ ಬೆಕ್ಕುಗಳನ್ನು ಪ್ರೀತಿಯಿಂದ ಸಾಕುವ, ಆದರೆ ಅವುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲು ಮನಸ್ಸು ಬಾರದ ಸಜ್ಜನರೊಂದಿಗೆ ನನ್ನ ವಾದ. ಪ್ರಾಣಿಗಳನ್ನು ಕಂಡರೆ ಕಲ್ಲೆಸೆಯುವವರಿಗೆ ಹೇಳಲು ನನ್ನಲ್ಲಿ ಹೊಸದೇನೂ ಇಲ್ಲ. ಅವರು ಈ ಪುಟವನ್ನು ತಿರುವಿ ಮುಂದಕ್ಕೆ ಹೋಗಬಹುದು.

ಮೊದಲು ನನ್ನ ಪಾಲಿನದನ್ನು ಒಪ್ಪಿಕೊಳ್ಳಬೇಕು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಒಂದು ಬೂದುಬಣ್ಣದ ಬೆಕ್ಕಿತ್ತು. ಅದು ವರ್ಷಕ್ಕೆ ಎರಡು ಸಲ, ಒಂದು ವರ್ಷ ಮೂರು ಸಲ, ಅಟ್ಟದ ಮೇಲೆ ಮರಿ ಹಾಕಿತು. ಮೊದಲ ಸೂಲಿನ ಮರಿಗಳನ್ನು ಬೇಡಿದವರಿಗೆಲ್ಲ ಹಂಚಿದೆವು. ಎರಡನೆಯ ಸಲ ಬೇಡುವವರು ಕಡಿಮೆಯಾದರು. ಮೂರನೆಯ ಸೂಲಿನ ನಾಲ್ಕು ಮರಿಗಳನ್ನು ನಾನೇ ಒಂದು ಬಟ್ಟೆಯ ಕೈಚೀಲದಲ್ಲಿ ಹಾಕಿಕೊಂಡು, ಬೆಳಕು ಹರಿಯುವ ಮುನ್ನ ಸೈಕಲ್ ಹತ್ತಿ, ಮೀನು ಮಾರುವ ಜಾಗದ ಹಿಂದೆ ಬಿಟ್ಟು ಬಂದೆ. ಅಲ್ಲಿ ಮೀನಿನ ತಲೆಗಳು ಬಿದ್ದಿರುತ್ತವೆ, ಬದುಕಿಕೊಳ್ಳುತ್ತವೆ ಎಂದು ಮಗಳಿಗೆ ಹೇಳಿದೆ. ಎರಡು ದಿನ ಬಿಟ್ಟು ಅವಳ ಒತ್ತಾಯಕ್ಕೆ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕಾಯಿತು. ಒಂದು ಮರಿ ಚರಂಡಿಯ ಅಂಚಿನಲ್ಲಿ ಸತ್ತು ಬಿದ್ದಿತ್ತು. ಉಳಿದ ಮೂರು ಕಾಣಲಿಲ್ಲ. ಅವು ಎಲ್ಲಿಯೋ ಚೆನ್ನಾಗಿರುತ್ತವೆ ಎಂದು ನಾನು ಹೇಳಿದ ಮಾತನ್ನು ಅವಳು ಆಗಲೂ ನಂಬಲಿಲ್ಲ, ಈಗಲೂ ನಂಬಿಲ್ಲ.

ಆ ಬೆಕ್ಕಿಗೆ ಶಸ್ತ್ರಚಿಕಿತ್ಸೆ ಮಾಡಿಸಬಹುದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೂಕಪ್ರಾಣಿಯ ಹೊಟ್ಟೆ ಕೊಯ್ಯಿಸುವುದು ಕ್ರೂರವೆಂದು ಅನ್ನಿಸಿತ್ತು. ನಾಲ್ಕು ಮರಿಗಳನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗಿ ಬಿಡುವುದು ಅಷ್ಟು ಕ್ರೂರವೆಂದು ಅನ್ನಿಸಿರಲಿಲ್ಲ. ಈ ಲೆಕ್ಕಾಚಾರ ಎಲ್ಲಿ ತಪ್ಪಿದೆ ಎಂಬುದನ್ನು ಯೋಚಿಸಿ ನೋಡಿ. ಶಸ್ತ್ರಚಿಕಿತ್ಸೆಯ ನೋವು ನಮ್ಮ ಕಣ್ಣೆದುರಿಗೆ ನಮ್ಮ ಮನೆಯಲ್ಲಿ ನಡೆಯುತ್ತದೆ. ಹತ್ತು ದಿನ ನಾವು ಅದನ್ನು ನೋಡಬೇಕಾಗುತ್ತದೆ. ಬಿಟ್ಟು ಬಂದ ಮರಿಗಳ ನೋವು ಎಲ್ಲಿಯೋ ನಡೆಯುತ್ತದೆ. ನಾವು ಉಳಿಸಿಕೊಂಡದ್ದು ನಮ್ಮ ಮನಸ್ಸಿನ ನೆಮ್ಮದಿಯನ್ನು ಮಾತ್ರ, ಪ್ರಾಣಿಯನ್ನಲ್ಲ.

ಈಗ ಆ ಪೆಟ್ಟಿಗೆಯ ಐದೂ ಮರಿಗಳು ಹೆಣ್ಣಾಗಿದ್ದ ವಿಷಯಕ್ಕೆ ಬರುತ್ತೇನೆ. ಇದು ಆಕಸ್ಮಿಕವಲ್ಲ. ಸೂಲಿನಲ್ಲಿ ಗಂಡುಮರಿಗಳೂ ಇದ್ದಿರಬೇಕು. ಅವುಗಳನ್ನು ಕೇಳಿದವರು ಮೊದಲೇ ಮಾತು ಕೊಟ್ಟಿರಬೇಕು. ಮರಿ ಬೇಕೇ ಎಂದು ನಮ್ಮ ಊರಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಬರುವ ಮೊದಲ ಪ್ರಶ್ನೆ ಒಂದೇ: "ಗಂಡೇನ್ರಿ, ಹೆಣ್ಣೇನ್ರಿ?" ಹೆಣ್ಣು ಎಂದರೆ ಮುಖ ಚಿಕ್ಕದಾಗುತ್ತದೆ. "ಬ್ಯಾಡ್ರಿ, ಹೆಣ್ಣ ಆದ್ರ ಮತ್ತ ಮರಿ ಹಾಕಿ ಕಾಡತೈತಿ." ಹೀಗೆ ಬೇಡವಾದ ಹೆಣ್ಣುಮರಿ ಕೆಲಗೇರಿ ಕೆರೆಯ ದಂಡೆಗೋ, ಮಾಂಸದಂಗಡಿಯ ಹಿತ್ತಲಿಗೋ, ಊರ ಹೊರಗಿನ ಡಾಬಾದ ಮುಂದಕ್ಕೋ ಹೋಗುತ್ತದೆ. ಬದುಕಿದರೆ ಆರರಿಂದ ಹನ್ನೆರಡು ತಿಂಗಳೊಳಗೆ ಬೆದೆಗೆ ಬರುತ್ತದೆ. ಅಲ್ಲಿಂದ ಸುಮಾರು 63 ದಿನಗಳಿಗೆ ಈಯುತ್ತದೆ. ಆಮೇಲೆ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತಲೇ ಇರುತ್ತದೆ. ಗಂಡನ್ನು ಮನೆಯೊಳಗಿಟ್ಟು ಹೆಣ್ಣನ್ನು ಬೀದಿಗೆ ಕಳುಹಿಸಿ, ಅನಂತರ ಬೀದಿಯಲ್ಲಿ ನಾಯಿಗಳು ಹೆಚ್ಚಾದವೆಂದು ಪಾಲಿಕೆಯ ಸದಸ್ಯರ ಮನೆಗೆ ದೂರು ಕೊಡಲು ಹೋಗುವವರು ನಾವೇ. ನಾಯಿಗಳ ಸಂಖ್ಯೆಯನ್ನು ಹೆಚ್ಚಿಸಬೇಕೆಂದು ಯಾರಾದರೂ ಯೋಜನೆ ಹಾಕಿದ್ದರೂ ಇದಕ್ಕಿಂತ ಉತ್ತಮ ಉಪಾಯ ಅವರಿಗೆ ಹೊಳೆಯುತ್ತಿರಲಿಲ್ಲ.

ಹೆಣ್ಣುಮಕ್ಕಳು ಬೇಡವೆಂಬ ಮನೋಭಾವದ ವಿರುದ್ಧ ನಮ್ಮ ಸಭೆಗಳಲ್ಲಿ ಎಷ್ಟೋ ಸಲ ಪ್ರಾರ್ಥನೆ ಮಾಡಿದ್ದೇವೆ, ಭಾಷಣಗಳನ್ನು ಕೇಳಿದ್ದೇವೆ. ಮನುಷ್ಯರ ಮಗುವನ್ನೂ ನಾಯಿಮರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವವನು ನಾನಲ್ಲ. ಆದರೆ "ಗಂಡೋ ಹೆಣ್ಣೋ" ಎಂದು ಕೇಳುವ ಆ ದನಿ ನನಗೆ ತೀರ ಪರಿಚಿತವೆನಿಸುತ್ತದೆ. ಆದುದರಿಂದ ನನ್ನ ಮೊದಲ ಬಿನ್ನಹ ಇದು: ಮರಿ ತರುವುದಾದರೆ ಹೆಣ್ಣುಮರಿಯನ್ನೇ ತನ್ನಿ, ಮತ್ತು ಅದಕ್ಕೆ ಆಪರೇಶನ್ ಮಾಡಿಸಿ. ಹೆಣ್ಣು ಬೇಡವೆನ್ನುವುದಕ್ಕೆ ಹೇಳುವ ಏಕೈಕ ಕಾರಣ ಅಲ್ಲಿಗೆ ಇಲ್ಲವಾಗುತ್ತದೆ.

ಬಿಟ್ಟುಬಂದ ಮರಿಗಳು ಹೇಗೋ ಬದುಕಿಕೊಳ್ಳುತ್ತವೆ ಎಂಬ ನಂಬಿಕೆ ನಮಗೆ ಬಹಳ ಅನುಕೂಲವಾದದ್ದು. ಕೋಲ್ಕತ್ತದ ಐಸರ್ ಸಂಸ್ಥೆಯ ಸಂಶೋಧಕರು ಪಶ್ಚಿಮ ಬಂಗಾಳದಲ್ಲಿ ಬೀದಿನಾಯಿಗಳ 95 ಸೂಲುಗಳನ್ನು, ಅವುಗಳ 364 ಮರಿಗಳನ್ನು ಹಿಂಬಾಲಿಸಿ ನೋಡಿ 2016ರಲ್ಲಿ ಒಂದು ವರದಿ ಪ್ರಕಟಿಸಿದರು. ಮರಿ ಹಾಕುವ ವಯಸ್ಸಿನವರೆಗೆ ಬದುಕಿದವು ನೂರಕ್ಕೆ 19 ಮಾತ್ರ. ಸತ್ತವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಸಾವಿಗೆ ಮನುಷ್ಯರು ಒಂದಲ್ಲ ಒಂದು ರೀತಿಯಲ್ಲಿ ಕಾರಣರಾಗಿದ್ದರು. ಅವು ತಾಯಿಯ ಬಳಿಯೇ ಇದ್ದ ಮರಿಗಳು ಎಂಬುದನ್ನು ಗಮನಿಸಿ. ಹಾಲು ಬಿಡುವ ಮುನ್ನವೇ ಪೆಟ್ಟಿಗೆಯಲ್ಲಿ ಬಂದವುಗಳ ಗತಿಯನ್ನು ನೀವೇ ಊಹಿಸಿಕೊಳ್ಳಿ. ಒಂದು ಹೆಣ್ಣುನಾಯಿ ಮತ್ತು ಅದರ ಸಂತತಿಯಿಂದ ಆರು ವರ್ಷಗಳಲ್ಲಿ 67 ಸಾವಿರ ನಾಯಿಗಳಾಗುತ್ತವೆ ಎಂಬ ಲೆಕ್ಕವನ್ನು ನೀವು ಎಲ್ಲಿಯಾದರೂ ಓದಿರಬಹುದು. ಆ ಲೆಕ್ಕವನ್ನು ನಾನು ನಂಬುವುದಿಲ್ಲ, ನನ್ನ ವಾದಕ್ಕೆ ಅದರ ನೆರವೂ ಬೇಡ. ಅಷ್ಟು ನಾಯಿಗಳು ಆಗದಿರುವುದಕ್ಕೆ ಕಾರಣ ಆ ಸಾವುಗಳೇ. ನಾವು ತಡೆಯದ ಹುಟ್ಟನ್ನು ಹಸಿವು, ರೋಗ, ಲಾರಿಯ ಗಾಲಿಗಳು ನಮ್ಮ ಪರವಾಗಿ ಸರಿದೂಗಿಸುತ್ತಿವೆ.

ಇನ್ನು ಆಕ್ಷೇಪಣೆಗಳು. ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತ ನಾನು ಈ ವಿಷಯ ತೆಗೆದಾಗಲೆಲ್ಲ ಕೇಳಿಬರುವಂಥವು.

"ಅದು ದೇವರು ಕೊಟ್ಟ ಸ್ವಭಾವ, ನಾವು ಕೈಹಾಕಬಾರದು" ಎಂದು ಒಬ್ಬ ಹಿರಿಯರು ಹೇಳಿದರು. ಅವರು ಒಕ್ಕಲುತನದ ಮನೆಯಿಂದ ಬಂದವರು. ಅವರ ತಂದೆಯ ಕಾಲದಲ್ಲಿ ಮನೆಯಲ್ಲಿ ಎರಡು ಜೋಡಿ ಎತ್ತುಗಳಿದ್ದವೆಂದು ಅವರೇ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದಾರೆ. ನಾನು ಕೇಳಿದೆ: "ಅಣ್ಣಾರ, ಎತ್ತು ಹುಟ್ಟತಾನ ಎತ್ತ ಆಗಿತ್ತೇನ್ರಿ?" ಧಾರವಾಡ ಸೀಮೆಯ ಎರೆಭೂಮಿಯನ್ನು ಶತಮಾನಗಳಿಂದ ಉತ್ತದ್ದು ಬೀಜ ಒಡೆದ ಹೋರಿಗಳು. ಕಾರಹುಣ್ಣಿವೆಯ ದಿನ ಬಣ್ಣ ಬಳಿದು ಮೆರೆಸುವುದೂ ಅವುಗಳನ್ನೇ. ಹಳೆಯ ಕಾಲದಲ್ಲಿ ಅದನ್ನು ಯಾವ ಅರಿವಳಿಕೆಯೂ ಇಲ್ಲದೆ, ಹೋರಿಯನ್ನು ಕೆಡವಿ, ಕಾಲು ಕಟ್ಟಿ ಮಾಡುತ್ತಿದ್ದರು. ನಮ್ಮ ಹೊಲ ಉಳುವುದಕ್ಕಾಗಿ ಪ್ರಾಣಿಯ ಸ್ವಭಾವಕ್ಕೆ ಕೈಹಾಕುವುದು ಪಾಪವಲ್ಲವೆಂದಾದರೆ, ಅದೇ ಪ್ರಾಣಿಜಾತಿಯ ಮರಿಗಳು ಚರಂಡಿಯಲ್ಲಿ ಸಾಯದಂತೆ, ಅರಿವಳಿಕೆ ಕೊಟ್ಟು ವೈದ್ಯರ ಕೈಯಿಂದ ಮಾಡಿಸುವುದು ಹೇಗೆ ಪಾಪವಾಗುತ್ತದೆ? ಹಿರಿಯರು ನಕ್ಕು ಚಹಾದ ಕಪ್ಪನ್ನು ಕೆಳಗಿಟ್ಟರು. ಒಪ್ಪಿದರೆಂದು ನಾನು ಹೇಳಲಾರೆ.

ಬೈಬಲನ್ನು ಚೆನ್ನಾಗಿ ಬಲ್ಲ ಇನ್ನೊಬ್ಬರು ಯಾಜಕಕಾಂಡದ 22ನೆಯ ಅಧ್ಯಾಯದ 24ನೆಯ ವಚನವನ್ನು ತೋರಿಸಿದರು. ಬೀಜ ಒಡೆದ ಪ್ರಾಣಿಯನ್ನು ಕರ್ತನಿಗೆ ಅರ್ಪಿಸಬಾರದೆಂಬ ವಿಧಿ ಅಲ್ಲಿದೆ. ಇದು ತಳ್ಳಿಹಾಕಬಹುದಾದ ಮಾತಲ್ಲ. ಯೆಹೂದ್ಯ ಧರ್ಮಪಂಡಿತರು ಇದರ ಆಧಾರದ ಮೇಲೆಯೇ ಪ್ರಾಣಿಗಳ ಬೀಜ ಒಡೆಯುವುದನ್ನು ಪೂರ್ತಿಯಾಗಿ ನಿಷೇಧಿಸಿದರು. ಆದರೆ ಆ ಅಧ್ಯಾಯ ಯಜ್ಞವೇದಿಗೆ ತರುವ ಬಲಿಯ ಕುರಿತಾದದ್ದು. ಕುರುಡು, ಕುಂಟು, ಕಜ್ಜಿ ಹತ್ತಿದ ಪ್ರಾಣಿಗಳನ್ನೂ ಅದು ಅಲ್ಲಿಂದ ಹೊರಗಿಡುತ್ತದೆ. ನಮ್ಮ ನಾಯಿಯನ್ನು ನಾವು ಯಾರೂ ವೇದಿಗೆ ಒಯ್ಯುವುದಿಲ್ಲ. ಅದೇ ಗ್ರಂಥದಲ್ಲಿ ಜ್ಞಾನೋಕ್ತಿಗಳ 12ನೆಯ ಅಧ್ಯಾಯವನ್ನೂ ತೆರೆದು ನೋಡಬಹುದು. ನೀತಿವಂತನು ತನ್ನ ಪಶುಪ್ರಾಣಿಗಳ ಕ್ಷೇಮವನ್ನು ಗಮನಿಸುವವನೆಂಬ ಅರ್ಥದ ಮಾತು ಅಲ್ಲಿದೆ. ಯಾವುದು ಕ್ಷೇಮ ಎಂಬುದೇ ಇಲ್ಲಿನ ಪ್ರಶ್ನೆ.

ಆ ಪ್ರಶ್ನೆಗೆ ನಮ್ಮ ಜೂಲಿಯ ಕಥೆಯನ್ನು ಹೇಳಬೇಕು. ಬೆಕ್ಕಿನ ಅನಂತರ ನಮ್ಮ ಮನೆಗೆ ಬಂದ ನಾಯಿ ಅದು. ಅದನ್ನು ಕಾಂಪೌಂಡಿನಿಂದ ಹೊರಗೆ ಬಿಡುತ್ತಿರಲಿಲ್ಲವಾದ್ದರಿಂದ ಮರಿಗಳ ತೊಂದರೆ ಬರಲಿಲ್ಲ. ಆಪರೇಶನ್ನಿನ ಗೊಡವೆಯೇ ಇಲ್ಲವೆಂದು ನಾವು ನಿಶ್ಚಿಂತರಾಗಿದ್ದೆವು. ಎಂಟನೆಯ ವಯಸ್ಸಿನಲ್ಲಿ, ಬೆದೆ ಮುಗಿದು ಒಂದೂವರೆ ತಿಂಗಳಾದ ಮೇಲೆ, ಅದು ಬಕೆಟ್ಟಿಗೆ ಬಾಯಿ ಹಾಕಿ ನೀರು ಕುಡಿಯತೊಡಗಿತು. ಏಪ್ರಿಲ್ ತಿಂಗಳು, ಬಿಸಿಲಿನ ದಾಹವೆಂದುಕೊಂಡೆವು. ಊಟ ಬಿಟ್ಟಿತು. ಹೊಟ್ಟೆ ಊದಿತು. ಪಶುವೈದ್ಯರ ಬಳಿಗೆ ಒಯ್ದಾಗ ಗರ್ಭಕೋಶದ ತುಂಬ ಕೀವು ತುಂಬಿದೆ ಎಂದರು. ಆಪರೇಶನ್ ಮಾಡಿದರು, ತಡವಾಗಿತ್ತು. ಮರುದಿನ ಬೆಳಿಗ್ಗೆ ಅದು ಸತ್ತುಹೋಯಿತು. ವೈದ್ಯರು ನಮ್ಮನ್ನು ಬೈಯಲಿಲ್ಲ. ಮೊದಲೇ ಗರ್ಭಕೋಶ ತೆಗೆಸಿದ್ದರೆ ಈ ರೋಗ ಬರಲು ಜಾಗವೇ ಇರುತ್ತಿರಲಿಲ್ಲ ಎಂದು ಮಾತ್ರ ಹೇಳಿದರು.

ಇದು ಅಪರೂಪದ ರೋಗವಲ್ಲ. ಸ್ವೀಡನ್ನಿನಲ್ಲಿ ನಾಯಿಗಳ ವಿಮಾ ದಾಖಲೆಗಳನ್ನು ಪರಿಶೀಲಿಸಿದಾಗ, ಹತ್ತು ವರ್ಷ ತುಂಬುವುದರೊಳಗೆ ಸುಮಾರು ನಾಲ್ಕರಲ್ಲೊಂದು ಹೆಣ್ಣುನಾಯಿಗೆ ಈ ರೋಗ ಬಂದಿದ್ದುದು ಕಂಡುಬಂದಿತು. ಆ ದೇಶದಲ್ಲಿ ಸಾಕುನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸುವ ವಾಡಿಕೆ ಕಡಿಮೆಯಾದ್ದರಿಂದ ಅಲ್ಲಿ ಈ ಲೆಕ್ಕ ಸಿಕ್ಕಿತು. ನಮ್ಮಲ್ಲಿ ಸಾಮಾನ್ಯವಾಗಿರುವ ಇನ್ನೊಂದು ರೋಗವಿದೆ. ನಾಯಿಗಳು ಕೂಡುವಾಗ ಒಂದರಿಂದೊಂದಕ್ಕೆ ಹರಡುವ, ಜನನಾಂಗದಲ್ಲಿ ಹೂಕೋಸಿನಂತೆ ಬೆಳೆದು ರಕ್ತ ಸೋರುವ ಗಡ್ಡೆ. ಬೆದೆಯ ವಾಸನೆ ಹಿಡಿದು ರಾತ್ರಿಯಿಡೀ ತಿರುಗುವ ಗಂಡುನಾಯಿಗೂ ಇದು ತಗುಲುತ್ತದೆ. ಬೆದೆಯನ್ನು ತಡೆಯಲು ಸೂಜಿ ಹಾಕಿಸಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಆ ಹಾರ್ಮೋನ್ ಸೂಜಿಗಳಿಂದಲೇ ಗರ್ಭಕೋಶದ ಕೀವು, ಮೊಲೆಗಳ ಗಡ್ಡೆ ಬರುವ ಸಂಭವ ಹೆಚ್ಚು.

ಶಸ್ತ್ರಚಿಕಿತ್ಸೆಯಿಂದ ಯಾವ ತೊಂದರೆಯೂ ಇಲ್ಲವೆಂದು ನಾನು ಹೇಳುವುದಿಲ್ಲ. ಅರಿವಳಿಕೆ ಎಂದ ಮೇಲೆ ಸಣ್ಣ ಅಪಾಯ ಇದ್ದೇ ಇದೆ. ಆಮೇಲೆ ಪ್ರಾಣಿ ದಪ್ಪಗಾಗುತ್ತದೆ. ಊಟವನ್ನು ಕಡಿಮೆ ಮಾಡಬೇಕು. ಕೆಲವು ಹೆಣ್ಣುನಾಯಿಗಳಿಗೆ ವಯಸ್ಸಾದ ಮೇಲೆ ಮೂತ್ರ ಹಿಡಿದುಕೊಳ್ಳುವುದು ಕಷ್ಟವಾಗುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂತಹ ದೊಡ್ಡ ಜಾತಿಯವುಗಳಿಗೆ ತೀರ ಎಳೆಯ ವಯಸ್ಸಿನಲ್ಲಿ ಮಾಡಿಸಿದರೆ ಕೀಲುಗಳ ದೋಷ ಬರುವ ಸಾಧ್ಯತೆಯಿದೆ. ಆದ್ದರಿಂದ ಅವುಗಳಿಗೆ ಸೂಕ್ತ ವಯಸ್ಸನ್ನು ವೈದ್ಯರನ್ನೇ ಕೇಳಬೇಕು. ನಮ್ಮ ಊರಿನ ಸಾಧಾರಣ ನಾಯಿಗೆ ಆರು ತಿಂಗಳ ಹೊತ್ತಿಗೆ ಮಾಡಿಸುವುದು ರೂಢಿ. ಬೆಕ್ಕಿಗೆ ಐದು ತಿಂಗಳಾದೊಡನೆ ಮಾಡಿಸುವುದು ಒಳ್ಳೆಯದು, ಏಕೆಂದರೆ ಅದು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಮರಿಗಳು ಇನ್ನೂ ಮೊಲೆ ಕುಡಿಯುತ್ತಿರುವಾಗಲೇ ಮತ್ತೆ ಗರ್ಭ ಧರಿಸಲೂ ಬಲ್ಲದು. ನನ್ನ ಬೂದುಬೆಕ್ಕಿನ ಆ ಮೂರು ಸೂಲಿನ ವರ್ಷದ ರಹಸ್ಯ ನನಗೆ ತಿಳಿದದ್ದು ಬಹಳ ತಡವಾಗಿ.

"ಒಮ್ಮೆಯಾದರೂ ತಾಯಿಯಾಗಲಿ, ಆಮೇಲೆ ಮಾಡಿಸೋಣ" ಎನ್ನುವ ತಾಯಂದಿರಿಗೆ ನಾನು ಎದುರು ಹೇಳಲು ಸ್ವಲ್ಪ ಹಿಂಜರಿಯುತ್ತೇನೆ, ಆದರೂ ಹೇಳಬೇಕು. ಒಂದು ಸಲ ಈಯುವುದರಿಂದ ನಾಯಿಯ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ತಾಯ್ತನದ ಸುಖವನ್ನು ಅದಕ್ಕೆ ಕೊಡುತ್ತೇವೆಂದು ಹೇಳಿ, ಎರಡು ತಿಂಗಳೊಳಗೆ ಮರಿಗಳನ್ನು ಒಂದೊಂದಾಗಿ ಅದರ ಬಾಯಿಂದ ಕಿತ್ತು ಹಂಚುತ್ತೇವೆ. ಖಾಲಿಯಾದ ಗೋಣಿತಾಟಿನ ಸುತ್ತ ಅದು ಮೂಸುತ್ತ ತಿರುಗುವುದನ್ನು ನೋಡಿದವರು ಆ ಸುಖದ ಮಾತನ್ನು ಮತ್ತೆ ಆಡಲಾರರು.

ಗಂಡುನಾಯಿಯ ವಿಷಯದಲ್ಲಿ ಪುರುಷರ ಸಂಕಟವೇ ಬೇರೆ. ಆಪರೇಶನ್ ಮಾಡಿಸಿದರೆ ಮನೆ ಕಾಯುವುದಿಲ್ಲವಂತೆ! ನಾಯಿ ಬೊಗಳುವುದು ತನ್ನ ಮನೆ, ತನ್ನ ಜನ ಎಂಬ ಅಭಿಮಾನದಿಂದ. ಅದಕ್ಕೂ ವೃಷಣಗಳಿಗೂ ಸಂಬಂಧವಿಲ್ಲ. ಬೆದೆಗೆ ಬಂದ ಹೆಣ್ಣನ್ನು ಹುಡುಕಿಕೊಂಡು ಮೂರು ದಿನ ಊರು ಸುತ್ತುವ ನಾಯಿಗಿಂತ ಮನೆಯಲ್ಲೇ ಬಿದ್ದಿರುವ ನಾಯಿ ಉತ್ತಮ ಕಾವಲುಗಾರ. ನಿಜವಾದ ಕಾರಣ ಬೇರೆಯೇ ಇದೆ ಎಂಬುದು ನನ್ನ ಗುಮಾನಿ. ನಮ್ಮ ಮನೆಗಳಲ್ಲಿಯೂ ಆಪರೇಶನ್ ಎಂದರೆ ಹೆಂಗಸರ ಪಾಲಿನದೇ ಆಗಿದೆಯಲ್ಲವೇ? ನಾಯಿಯ ವಿಷಯದಲ್ಲಿಯೂ ಅದೇ ನಾಚಿಕೆ. ಹೆಣ್ಣಿಗೆ ಮಾಡುವುದಕ್ಕಿಂತ ಗಂಡಿಗೆ ಮಾಡುವುದು ಬಹಳ ಸುಲಭ, ಹೊಟ್ಟೆ ತೆರೆಯಬೇಕಾಗಿಲ್ಲ ಎಂಬುದನ್ನು ಮಾತ್ರ ನೆನಪಿಸುತ್ತೇನೆ. ಆದ ಮೇಲೆ ಒಂದೂವರೆ ತಿಂಗಳಾದರೂ ಹೆಣ್ಣುನಾಯಿಯಿಂದ ದೂರವಿಡಬೇಕು, ಬೀಜದ ಅಂಶ ಅಷ್ಟು ದಿನ ಉಳಿದಿರಬಹುದು.

ಮರಿಗಳನ್ನು ಮಾರಿ ನಾಲ್ಕು ಕಾಸು ಮಾಡಿಕೊಳ್ಳುವವರೂ ನಮ್ಮ ನಡುವೆ ಇದ್ದಾರೆ. 2017ರ ನಿಯಮಗಳ ಪ್ರಕಾರ ಮಾರಾಟಕ್ಕಾಗಿ ನಾಯಿಗಳ ಸಂತಾನ ಬೆಳೆಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಇದನ್ನು ಎಷ್ಟು ಮನೆಗಳು ಪಾಲಿಸುತ್ತಿವೆ ಎಂಬುದನ್ನು ನೀವೇ ಬಲ್ಲಿರಿ. ನಾನು ಮುಂದಕ್ಕೆ ಹೋಗುತ್ತೇನೆ.

ಬೀದಿನಾಯಿಗಳ ಸಮಸ್ಯೆ ಸರಕಾರದ್ದು, ನಮ್ಮದಲ್ಲ ಎಂಬ ವಾದಕ್ಕೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸಬೇಕು. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 1 ಕೋಟಿ 53 ಲಕ್ಷ ಬೀದಿನಾಯಿಗಳಿದ್ದವು. ಕರ್ನಾಟಕದಲ್ಲಿ 11 ಲಕ್ಷಕ್ಕೂ ಹೆಚ್ಚು. ಹಿಂದಿನ 2012ರ ಗಣತಿಗೆ ಹೋಲಿಸಿದರೆ ದೇಶದ ಸಂಖ್ಯೆ ಇಳಿದಿತ್ತು, ನಮ್ಮ ರಾಜ್ಯದ ಸಂಖ್ಯೆ ಏರಿತ್ತು. ಕೊಂದರೆ ಮುಗಿಯುತ್ತದೆ ಎನ್ನುವವರು ಹಿಂದೆ ತಿರುಗಿ ನೋಡಬೇಕು. ಬ್ರಿಟಿಷರ ಕಾಲದಿಂದ ಮದರಾಸು ನಗರಸಭೆ ನಾಯಿಗಳನ್ನು ಹಿಡಿದು ಕೊಲ್ಲುತ್ತಲೇ ಬಂದಿತ್ತು. ನಾಯಿಗಳೂ ಕಡಿಮೆಯಾಗಲಿಲ್ಲ, ರೇಬೀಸೂ ಕಡಿಮೆಯಾಗಲಿಲ್ಲ. ಹಿಡಿದು ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಅದೇ ಜಾಗಕ್ಕೆ ಬಿಡುವ ಉಪಾಯವನ್ನು 1960ರ ದಶಕದಲ್ಲಿಯೇ ಹೇಳಿದ್ದು ಅಲ್ಲಿನ ಬ್ಲೂ ಕ್ರಾಸ್ ಸಂಸ್ಥೆ. ನಗರಸಭೆ ಅದಕ್ಕೆ ಒಪ್ಪಿದ್ದು 1996ರಲ್ಲಿ. 2001ರಲ್ಲಿ ಕೇಂದ್ರ ಸರಕಾರದ ನಿಯಮಗಳಾದವು. 2023ರಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮಗಳು ಬಂದವು. ಕಿವಿಯ ಅಂಚನ್ನು ಸ್ವಲ್ಪ ಕತ್ತರಿಸಿದ ನಾಯಿಗಳನ್ನು ನಮ್ಮ ಬೀದಿಗಳಲ್ಲಿ ನೀವು ಕಂಡಿರುತ್ತೀರಿ. ಶಸ್ತ್ರಚಿಕಿತ್ಸೆ ಆಗಿದೆ ಎಂಬುದಕ್ಕೆ ಅದು ಗುರುತು.

2007ರಲ್ಲಿ ಬೆಂಗಳೂರಿನಲ್ಲಿ ಬೀದಿನಾಯಿಗಳ ದಾಳಿಗೆ ಇಬ್ಬರು ಮಕ್ಕಳು ಬಲಿಯಾದಾಗ ಜನರ ಕೋಪ ಉಕ್ಕಿಬಂದದ್ದು ಹಲವರಿಗೆ ನೆನಪಿರಬಹುದು. ಆ ಕೋಪ ನ್ಯಾಯವಾದದ್ದೇ. ಮನುಷ್ಯರಿಗೆ ಬರುವ ರೇಬೀಸಿನಲ್ಲಿ ನೂರಕ್ಕೆ 99 ಪಾಲು ನಾಯಿಗಳಿಂದಲೇ ಬರುತ್ತದೆ, ಬಲಿಯಾಗುವವರಲ್ಲಿ ನೂರಕ್ಕೆ 40 ಮಂದಿ 15 ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2025ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಿಗೆ ಸಾಗಿಸಲು ಆದೇಶಿಸಿತು. 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿ, ರೇಬೀಸ್ ತಗುಲಿದ ಮತ್ತು ಆಕ್ರಮಣಕಾರಿಯಾದ ನಾಯಿಗಳ ಹೊರತು ಉಳಿದವನ್ನು ಶಸ್ತ್ರಚಿಕಿತ್ಸೆ, ಲಸಿಕೆಗಳ ಬಳಿಕ ಹಿಡಿದ ಜಾಗಕ್ಕೇ ಬಿಡಬೇಕೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದವುಗಳನ್ನು ಮಾತ್ರ ಮರಳಿ ಅಲ್ಲಿಗೆ ಬಿಡಕೂಡದೆಂದಿತು. ಇಡೀ ದೇಶ ವಾದಿಸಿತು. ನಮ್ಮ ಸಭೆಯಲ್ಲಿಯೂ ಎರಡು ಪಂಗಡಗಳಾದವು. ಆ ವಾಗ್ವಾದದಲ್ಲಿ ನನಗೆ ಕೇಳಿಬಾರದ ಮಾತೊಂದಿತ್ತು: ಈ ಬೀದಿಗೆ ಹೊಸ ನಾಯಿಗಳನ್ನು ಸೇರಿಸುತ್ತಿರುವವರು ಯಾರು? ಎಲ್ಲವೂ ನಮ್ಮ ಮನೆಗಳಿಂದ ಹೋದವೆಂದು ನಾನು ಹೇಳುತ್ತಿಲ್ಲ. ಆದರೆ ಪಾಲಿಕೆ ಒಂದು ಬೀದಿಯ ಹೆಣ್ಣುನಾಯಿಗಳಿಗೆಲ್ಲ ಶಸ್ತ್ರಚಿಕಿತ್ಸೆ ಮಾಡಿಸಿ ಮುಗಿಸಿದ ಮರುವಾರ ನಮ್ಮಲ್ಲೊಬ್ಬರು ಅಲ್ಲಿ ಮೂರು ಹೆಣ್ಣುಮರಿಗಳನ್ನು ಬಿಟ್ಟರೆ, ಆ ಕೆಲಸಕ್ಕೆ ಖರ್ಚಾದ ತೆರಿಗೆ ಹಣ ಏನಾಯಿತು?

ಸಾಕುಪ್ರಾಣಿಯ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ಹೊಣೆ ಸಾಕಿದವನದೇ ಎಂದು 2001ರ ನಿಯಮಗಳೂ ಹೇಳಿದ್ದವು, 2023ರವೂ ಹೇಳುತ್ತವೆ. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಮೊದಲ ಸಲದ ಅಪರಾಧಕ್ಕೆ ಆ ಕಾಯ್ದೆ ಗೊತ್ತುಮಾಡಿದ ದಂಡ 10 ರೂಪಾಯಿಯಿಂದ 50 ರೂಪಾಯಿ! ಜುಬಿಲಿ ಸರ್ಕಲ್ಲಿನಿಂದ ಸಪ್ತಾಪುರಕ್ಕೆ ಹೋಗುವ ಆಟೋದವನೂ ಇಷ್ಟಕ್ಕೆ ಒಪ್ಪಲಾರ. ಕಾನೂನಿನ ಭಯದಿಂದ ಯಾರೂ ತಿದ್ದಿಕೊಳ್ಳಬೇಕಾದ ಪರಿಸ್ಥಿತಿ ಇಲ್ಲವಾದ್ದರಿಂದಲೇ ಈ ಪತ್ರಿಕೆಯ ಪುಟಗಳಲ್ಲಿ ನಾನು ಬರೆಯುತ್ತಿದ್ದೇನೆ.

ಮಾಡಬೇಕಾದದ್ದು ದೊಡ್ಡದೇನೂ ಅಲ್ಲ. ಹಿಂದಿನ ರಾತ್ರಿಯಿಂದ ಪ್ರಾಣಿಗೆ ಊಟ ಕೊಡಬಾರದು. ಬೆಳಿಗ್ಗೆ ಒಯ್ಯಬೇಕು. ಹೆಣ್ಣಿಗಾದರೆ ಅಂಡಾಶಯ, ಗರ್ಭಕೋಶಗಳನ್ನು ತೆಗೆಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳುಹಿಸುತ್ತಾರೆ. ಹತ್ತು ದಿನ ಹೊಲಿಗೆಯನ್ನು ನೆಕ್ಕದಂತೆ ಕೊರಳಿಗೆ ಬುಟ್ಟಿಯಂತಹ ಪಟ್ಟಿ ಕಟ್ಟಿ, ನೀರು ತಾಗದಂತೆ ನೋಡಿಕೊಳ್ಳಬೇಕು. ಖಾಸಗಿ ವೈದ್ಯರಲ್ಲಿ ಕೆಲವು ಸಾವಿರ ರೂಪಾಯಿ ಖರ್ಚು ಬರುತ್ತದೆ. ಸರಕಾರಿ ಪಶು ಆಸ್ಪತ್ರೆಯಲ್ಲಿ ಬಹಳ ಕಡಿಮೆ. ಆ ಖರ್ಚು ಕೆಲವು ಮನೆಗಳಿಗೆ ಭಾರವೆಂಬುದನ್ನು ನಾನು ಬಲ್ಲೆ. ಆದ್ದರಿಂದ ನಮ್ಮ ಸಭೆಯಲ್ಲಿ ಎಷ್ಟು ಮನೆಗಳಲ್ಲಿ ನಾಯಿ ಬೆಕ್ಕುಗಳಿವೆ ಎಂದು ಪಟ್ಟಿ ಮಾಡಿ, ಒಂದು ಶನಿವಾರ ವಾಹನ ಗೊತ್ತುಮಾಡಿ, ಅನುಕೂಲವುಳ್ಳವರು ಇಲ್ಲದವರ ಪಾಲನ್ನೂ ಕೊಟ್ಟು ಒಟ್ಟಿಗೆ ಮಾಡಿಸೋಣವೆಂದು ಸಭಾಸಮಿತಿಗೆ ಪತ್ರ ಬರೆದೆ. ಪತ್ರವನ್ನು "ಇತರ ವಿಷಯಗಳು" ಎಂಬ ಕೊನೆಯ ಸಾಲಿನಲ್ಲಿ ಸೇರಿಸಿದರು. ಎರಡು ಸಲ ಸಮಿತಿ ಸೇರಿತು. ಎರಡು ಸಲವೂ ಆ ಸಾಲಿಗೆ ಬರುವಷ್ಟರಲ್ಲಿ ಕತ್ತಲಾಯಿತು. ನಿಮ್ಮ ಸಭೆಯ ಸಮಿತಿಗೆ ಬರೆಯುವವರು ಅದನ್ನು ಮೊದಲ ಸಾಲಿನಲ್ಲಿ ಹಾಕಿಸಿ.

ಆ ಪೆಟ್ಟಿಗೆಯಲ್ಲಿ ಉಳಿದಿದ್ದ ಮೂರು ಮರಿಗಳಲ್ಲಿ ಒಂದು ಆ ವಾರವೇ ಸತ್ತಿತು. ಇನ್ನೊಂದನ್ನು ಕಾವಲುಗಾರನೇ ಇಟ್ಟುಕೊಂಡ. ಫೆಬ್ರುವರಿಯಲ್ಲಿ ಅದಕ್ಕೆ ಆಪರೇಶನ್ ಆಯಿತು, ಖರ್ಚನ್ನು ಭಾನುವಾರ ಶಾಲೆಯ ಆ ನಾಲ್ಕು ಮಕ್ಕಳು ಮನೆಮನೆಗೆ ಹೋಗಿ ಕೂಡಿಸಿದರು. ಮೂರನೆಯದನ್ನು ಹಳಿಯಾಳ ರಸ್ತೆಯ ಕಡೆಗಿರುವ ಒಂದು ಕುಟುಂಬ, ಆರು ತಿಂಗಳಿಗೆ ಆಪರೇಶನ್ ಮಾಡಿಸುತ್ತೇವೆಂದು ನನಗೆ ಮಾತು ಕೊಟ್ಟು ಒಯ್ದಿತು. ಮೊದಲು ಮಗನ ಪರೀಕ್ಷೆ ಎಂದರು, ಆಮೇಲೆ ಬಿಸಿಲು ಎಂದರು. ಅದಕ್ಕೆ ಈಗ ಒಂಬತ್ತು ತಿಂಗಳು. ನಿನ್ನೆ ಬೆಳಿಗ್ಗೆ ಆ ದಾರಿಯಲ್ಲಿ ಹೋಗುವಾಗ ಅವರ ಗೇಟಿನ ಮುಂದೆ ನಾಲ್ಕು ಗಂಡುನಾಯಿಗಳು ಕುಳಿತಿರುವುದನ್ನು ಕಂಡೆ. ಈ ಲೇಖನವನ್ನು ಅಂಚೆಗೆ ಹಾಕಿ ನೇರ ಅವರ ಮನೆಗೇ ಹೊರಟಿದ್ದೇನೆ.